ಕಾಡಿನಲ್ಲಿ ಹೇಳಿದ್ದು

ಫೆಬ್ರವರಿ 9, ಸೋಮವಾರ — ಬೆಳಿಗ್ಗೆ ಆರು

ತಲೆ ಎಣಿಸಿದೆ — ಹದಿನೇಳು. ಇರಬೇಕಾದ್ದು ಹದಿನೆಂಟು. ರಿಟೈರ್ಡ್ ಮೇಷ್ಟ್ರು ಇನ್ನೂ ಬಾತ್‌ರೂಮಿನಲ್ಲಿ. ಹನ್ನೆರಡು ವರ್ಷದಿಂದ ಇದೇ ಕೆಲಸ. ಊರವರ ತಲೆ ಎಣಿಸುತ್ತ ನನ್ನ ತಲೆ ಅರ್ಧ ಬಿಳಿಯಾಯಿತು. ಕನ್ನಡ ಮೀಡಿಯಂ ಬಿ.ಎ.ಗೆ ಟೂರ್ ಮ್ಯಾನೇಜರ್ ಕೆಲಸ ಕೊಟ್ಟ ಮಾಲೀಕರು ಅಂದೇ ಹೇಳಿದ್ದರು: "ನಿಮ್ಮ ಇಂಗ್ಲಿಷು ಅಷ್ಟಕ್ಕಷ್ಟೆ. ಆದ್ರೆ ನೀವು ಪ್ರಾಸ ಕಟ್ಟಿ ಹೇಳಿದ್ದನ್ನ ಜನ ಮರೆಯಲ್ಲ."

ಏಳಕ್ಕೆ ದೋಣಿ. ದ್ವೀಪದಲ್ಲಿ ನಾಲ್ಕು ದಿನ. ಕೊನೆ ಗಳಿಗೆಯಲ್ಲಿ ಇಬ್ಬರು ಕ್ಯಾನ್ಸಲ್ ಮಾಡಿದರು. ಅಣ್ಣ–ಅತ್ತಿಗೆಯನ್ನು ಹೊರಡಿಸಿಕೊಂಡು ಬಂದೆ. "ತಮ್ಮ ಅಂದ್ರೆ ಹೀಗಿರಬೇಕ್ರಪ್ಪ" ಎಂದು ಮೇಷ್ಟ್ರು ನಿನ್ನೆ ಬಸ್ಸಿಗೆಲ್ಲ ಡಂಗುರ ಸಾರಿದರು.

ಹೇಗಿದ್ದೇನೆಂದು ನನಗೆ ಗೊತ್ತು.

ಅದೇ ದಿನ — ಸಂಜೆ

ಅಣ್ಣನ ರೂಮು ಎದುರಿಗೇ. ಅವನ ಟಿವಿ ಸದ್ದು ಇಡೀ ಕಾರಿಡಾರಿಗೆ ಉಚಿತ ಸೇವೆ. ನೇಯ್ಗೆ ಮಿಲ್ಲಿನಲ್ಲಿ ಇಪ್ಪತ್ತೆರಡು ವರ್ಷ ದುಡಿದು ಕಿವಿಯನ್ನು ಅಲ್ಲೇ ಬಿಟ್ಟು ಬಂದವನು. ಈಗ ಎರಡೂ ಕಿವಿಗೆ ಮೆಷಿನ್.

ಅಪ್ಪನ ಟೈಲರ್ ಅಂಗಡಿಗೆ ಬೀಗ ಹಾಕಿ ಮಿಲ್ಲು ಸೇರಿದನೆಂದು ಅಪ್ಪ ಅವನೊಂದಿಗೆ ಮಾತು ಬಿಟ್ಟ. ಸಾಯುವ ದಿನದವರೆಗೂ. ಆ ದಿನ — ಹನ್ನೊಂದು ವರ್ಷದ ಹಿಂದೆ — ಮಧ್ಯಾಹ್ನ ಮೂರಕ್ಕೆ, ಆಸ್ಪತ್ರೆಯಲ್ಲಿ, ಅಪ್ಪ ಕಣ್ಣು ಬಿಟ್ಟ. "ದೊಡ್ಡೋನ್ನ ಕರಿ." ಎರಡು ಸಲ ಹೇಳಿದ.

ಕರೆಯಲಿಲ್ಲ.

ಆರು ತಿಂಗಳು ಮೈ ಒರೆಸಿದವನು ನಾನು. ಬೆಡ್‌ಪ್ಯಾನ್ ಎತ್ತಿದವನು ನಾನು. ಕೇಳಿದ್ದು ಅವನನ್ನು! "ಸಂಜೆ ಕರೀತೀನಿ ಬಿಡಪ್ಪ" ಎಂದೆ. ಐದೂಕಾಲಿಗೆ ಅಪ್ಪ ಹೋದ. ಆಮೇಲೆ ಫೋನ್ ಮಾಡಿದೆ. ರಾತ್ರಿ ಬಂದ ಅಣ್ಣ ಕೇಳಿದ್ದು ಒಂದೇ — "ಏನಾದ್ರೂ ಹೇಳಿದ್ನಾ?"

"ಇಲ್ಲ. ಪ್ರಜ್ಞೆನೇ ಬರ್ಲಿಲ್ಲ."

ಒಂದೇ ಸಮಾಧಾನ ಹಿಡಿದು ಇಷ್ಟು ವರ್ಷ ತಳ್ಳಿದೆ: ಅಣ್ಣನ ಊರು ಮೂರು ಗಂಟೆ ದಾರಿ, ಕರೆದಿದ್ದರೂ ಅಪ್ಪನ ಜೀವ ಇರುವಾಗ ತಲುಪುತ್ತಿರಲಿಲ್ಲ.

ನಾಳೆ ಕಾಡಿನ ದೇವಸ್ಥಾನ. ಹೇಳಿಬಿಡುತ್ತೇನೆ. ಕರೆತಂದದ್ದೇ ಅದಕ್ಕೆ.

ಫೆಬ್ರವರಿ 10 — ಮಧ್ಯಾಹ್ನ ಎರಡು

ಕ್ರಮವಾಗಿ ಬರೆಯುತ್ತೇನೆ. ಇಲ್ಲದಿದ್ದರೆ ನಾಳೆ ನನಗೇ ಸುಳ್ಳು ಹೇಳಿಕೊಳ್ಳುತ್ತೇನೆ.

ಗೇಟಿನಲ್ಲಿ ಎಂದಿನಂತೆ ಪದ್ಯ ಹೇಳಿಕೊಟ್ಟೆ. ಇಲ್ಲಿನ ಮಂಗಗಳು ಕಣ್ಣಿಗೆ ಹೊಳೆದದ್ದನ್ನೆಲ್ಲ ಕಿತ್ತುಕೊಂಡು ಮರ ಹತ್ತುತ್ತವೆ —

ಓಲೆ ಉಂಗುರ ಕನ್ನಡಕ, ಕಿವಿಯೊಳಗಿನ ಯಂತ್ರ
ಚೀಲದೊಳಗೆ ಬಚ್ಚಿಡುವುದೇ ಈ ಕಾಡಿನ ಮಂತ್ರ!

ಎಲ್ಲರೂ ಮೂರು ಸಲ ಹೇಳಿದರು. ಶಾಲೆ ಮಕ್ಕಳ ಹಾಗೆ. ಮೇಷ್ಟ್ರು ಭೇಷ್ ಎಂದರು. ನಾನು ಉಬ್ಬಿದೆ.

ಒಳಗೆ ಬಿಸಿಲಿಲ್ಲ. ಮರದಿಂದ ಇಳಿದ ಬೇರುಗಳು ದಾರಿಗೆ ಅಡ್ಡ ನೇತಾಡುತ್ತವೆ; ತಗ್ಗಿ ನಡೆಯಬೇಕು. ಇದು ದೇವರ ಕಾಡು, ಒಂದೆಲೆಯನ್ನೂ ಕೀಳುವಂತಿಲ್ಲ. ಬಿದ್ದ ಮರವನ್ನೂ ಎತ್ತುವಂತಿಲ್ಲ — ಬಿದ್ದಲ್ಲೇ ಕೊಳೆಯಬೇಕು. ನಡುವೆ ಕರಿಕಲ್ಲಿನ ಪುಟ್ಟ ಗುಡಿ. ದೇವರ ಮುಖ ಸವೆದು ಮೂಗೆಲ್ಲಿ ಬಾಯೆಲ್ಲಿ ತಿಳಿಯದು. ಇಂಥ ದೇವರ ಮುಂದೆ ತಪ್ಪು ಒಪ್ಪಿಕೊಳ್ಳುವುದು ಸುಲಭ ಅನ್ನಿಸಿತು.

ಗುಡಿಯ ಹಿಂದೆ ಕೊಳ. ಪಾಚಿಗಟ್ಟಿದ ಮೆಟ್ಟಿಲು. ಅಣ್ಣ ಒಬ್ಬನೇ ಕೂತಿದ್ದ. ಪಕ್ಕದಲ್ಲಿ ಕೂತು ನೀರು ನೋಡುತ್ತ ಹೇಳಿದೆ. ಮೂರು ಗಂಟೆ, ದೊಡ್ಡೋನ್ನ ಕರಿ, ಹೊಟ್ಟೆಯುರಿ, ಸುಳ್ಳು. ಒಂದನ್ನೂ ಬಿಡದೆ. ಮುಖ ನೋಡುವ ಧೈರ್ಯ ಮಾತ್ರ ಇರಲಿಲ್ಲ. ಅಣ್ಣ ನಡುನಡುವೆ "ಹೂಂ" ಎಂದ. ಮುಗಿದ ಮೇಲೆ ನನ್ನ ಬೆನ್ನು ತಟ್ಟಿದ.

ಅತ್ತುಬಿಟ್ಟೆ. ಮುಖ ತೊಳೆಯುವ ನೆಪ ಮಾಡಿ ಕೊಳಕ್ಕೆ ಬಗ್ಗಿದೆ.

ಹೊರಗೆ ಬಂದೆವು. ಅತ್ತಿಗೆ ಪರ್ಸಿನಿಂದ ಪುಟ್ಟ ಡಬ್ಬಿ ತೆಗೆದು ಅಣ್ಣನಿಗೆ ಕೊಟ್ಟರು. ಅವನು ಒಂದೊಂದೇ ಕಿವಿಗೆ ಮೆಷಿನ್ ಸಿಕ್ಕಿಸಿಕೊಂಡ.

"ಏನೋ ಅದು, ಅಷ್ಟೊತ್ತು ಹೇಳ್ತಿದ್ದೆ? ಸ್ಥಳಪುರಾಣ ಇರ್ಬೇಕು ಅಂತ ಹೂಂಗುಟ್ಟಿದೆ. ನಿನ್ನಾಣೆ ಒಂದಕ್ಷರ ಕೇಳಿಸ್ಲಿಲ್ಲ."

"ಸ್ಥಳಪುರಾಣನೇ ಅಣ್ಣ" ಎಂದೆ.

ಮಂಗ ಕಿವಿ ಮೆಷಿನ್ ಕಿತ್ತ ಕೇಸು ನನ್ನ ಸರ್ವಿಸಿನಲ್ಲಿ ಒಂದೂ ಇಲ್ಲ. ಮಂತ್ರಕ್ಕೆ ಪ್ರಾಸ ಬೇಕಿತ್ತು. ಯಂತ್ರ ಸೇರಿಸಿದೆ.

ಫೆಬ್ರವರಿ 11

ಕಡಲತೀರ. ತಲೆ ಹದಿನೆಂಟು. ಹೇಳಲಿಲ್ಲ.

ಊಟದ ಹೊತ್ತಿಗೆ ಮೇಷ್ಟ್ರು ಅಣ್ಣನನ್ನು ಕೇಳಿದರು, "ಕಾಡಿನ ದೇವರ ಹತ್ರ ಏನ್ರೀ ಬೇಡ್ಕೊಂಡ್ರಿ?"

"ಬೇಡೋಕೇನಿದೆ ಮೇಷ್ಟ್ರೆ. ಅಪ್ಪ ಹೋಗೋವಾಗ್ಲೂ ನನ್ನ ಕೇಳ್ಲಿಲ್ಲ. ಅದೊಂದನ್ನ ಮರೆಸಪ್ಪ ಅಂದೆ."

ನೀರಿನ ಜಗ್ ತರುತ್ತೇನೆಂದು ಎದ್ದೆ. ಜಗ್ ಮೇಜಿನ ಮೇಲೇ ಇತ್ತು.

ಫೆಬ್ರವರಿ 12 — ವಾಪಸಾಗುವ ದೋಣಿ

ಅತ್ತಿಗೆ ಪಕ್ಕ ಬಂದು ಕೂತರು. ಅಣ್ಣ ಮುಂದೆ ಮೇಷ್ಟ್ರ ಜೊತೆ.

"ನಿಮ್ಮಣ್ಣನ ಕಿವಿ ನನ್ನ ಪರ್ಸಲ್ಲಿತ್ತು. ನನ್ನ ಕಿವಿ ಎಲ್ಲೂ ಹೋಗಿರ್ಲಿಲ್ಲ."

ತಲೆ ಎಣಿಸುವ ಪಟ್ಟಿಯನ್ನು ಮಡಚಿ ಜೇಬಿಗಿಟ್ಟೆ.

"ಗುಡಿ ಗೋಡೆಗೆ ಒರಗಿ ನಿಂತಿದ್ದೆ. ಎಲ್ಲಾ ಕೇಳಿಸ್ತು."

"ಅಣ್ಣಂಗೆ ಹೇಳಿದ್ರಾ ಅತ್ತಿಗೆ?"

"ನಾನ್ಯಾಕೆ ಹೇಳ್ಲಿ? ತಪ್ಪು ನಿಂದು, ಹೊತ್ತು ತಲುಪಿಸೋಕೆ ನಾನಾ? ಹನ್ನೊಂದು ವರ್ಷ, ಅಪ್ಪನ ಮಾತು ಬಂದಾಗೆಲ್ಲ ಅರ್ಧ ಊಟಕ್ಕೇ ಕೈ ತೊಳ್ಕೊಂಡು ಏಳ್ತಾರೆ. ಆ ತಟ್ಟೆ ಎತ್ತಿದವಳು ನಾನು." ಪರ್ಸಿನ ಜಿಪ್ ಎಳೆದು ಮುಚ್ಚಿದರು. "ಮನೆಗೆ ಬಾ. ಒಬ್ಬನೇ ಬಾ. ನಿನ್ನ ಪದ್ಯಗಿದ್ಯ ಬಿಟ್ಟು ಬಾ. ಮುಖ ನೋಡಿ ಹೇಳು."

"ಬೈದ್ರೆ?"

"ಬೈಲಿ ಬಿಡು. ಬೈಗುಳಕ್ಕೆ ಹೆದರಿ ಹನ್ನೊಂದು ವರ್ಷ ಬಚ್ಚಿಟ್ಟೆಯಲ್ಲ, ಇನ್ನೇನು ಉಳಿಸ್ಕೋಬೇಕು?"

ಫೆಬ್ರವರಿ 27

ಎರಡು ಭಾನುವಾರ ಅಣ್ಣನ ಊರಿನ ಬಸ್ಸು ಹತ್ತಿದೆ. ಎರಡು ಸಲವೂ ಅರ್ಧಕ್ಕೆ ಇಳಿದೆ. ಅದೇ ಕಂಡಕ್ಟರ್: "ಸಾರ್, ನಿಮಗೆ ಅಲ್ಲಿಗೆ ಹೋಗೋದಿದೆಯೋ, ಹೋಗ್ಬೇಕು ಅಂತ ಅನ್ಕೊಳ್ಳೋದಷ್ಟೇ ಇದೆಯೋ?"

ಬುದ್ಧಿವಂತ. ಟೂರ್ ಮ್ಯಾನೇಜರ್ ಆಗಬೇಕಿತ್ತು.

ಮಾರ್ಚ್ 8, ಭಾನುವಾರ — ಸಂಜೆ ಆರು, ಬಸ್ ಸ್ಟ್ಯಾಂಡ್

ಹೇಳಿದೆ.

ಅಣ್ಣ ಹಾಲಿನಲ್ಲಿ ಪೇಪರ್ ಹಾಸಿ ಟೇಬಲ್ ಫ್ಯಾನ್ ಬಿಚ್ಚಿಕೊಂಡು ಕೂತಿದ್ದ. ಅತ್ತಿಗೆ ನನ್ನನ್ನು ನೋಡಿದ್ದೇ ಒಣಗದ ಬಟ್ಟೆ ತೆಗೆಯಲು ತಾರಸಿಗೆ ಹೋದರು. ಎದುರಿಗೆ ಕೂತೆ. ಮುಖ ನೋಡಿ ಹೇಳಿದೆ. ಐದು ನಿಮಿಷವೂ ಹಿಡಿಯಲಿಲ್ಲ. ಹನ್ನೊಂದು ವರ್ಷ ಹೊತ್ತದ್ದು ಇಷ್ಟೇನಾ...

ಅಣ್ಣ ಸ್ಕ್ರೂಡ್ರೈವರ್ ಕೆಳಗಿಟ್ಟ. "ಕೇಳಿದ್ನಾ?"

"ಕೇಳಿದ. ಎರಡು ಸಲ."

"ಏನಂತ?"

"ದೊಡ್ಡೋನ್ನ ಕರಿ, ಅಂತ."

ಅಣ್ಣ ನಕ್ಕ. ಅಪ್ಪ ಮಾತು ಬಿಟ್ಟ ಮೇಲೆ ಅವನು ಹಾಗೆ ನಕ್ಕದ್ದು ನಾನು ಕಂಡಿಲ್ಲ. ಕಣ್ಣು ಒರೆಸಿಕೊಂಡ, ಕೆನ್ನೆಗೆ ಫ್ಯಾನಿನ ಗ್ರೀಸು ಹತ್ತಿತು. "ದೊಡ್ಡೋನು ಅಂದ್ನಾ..." ಎಂದ. ಆಮೇಲೆ ನಗು ಮೆಲ್ಲಗೆ ಇಳಿಯಿತು. "ಎಷ್ಟು ಗಂಟೇಲಿ?"

"ಮೂರು." ನನ್ನ ಹಳೆಯ ಸಮಾಧಾನವನ್ನೇ ಅವನಿಗೂ ಬಡಿಸಿದೆ. "ಕರೆದಿದ್ರೂ ನೀನು ತಲುಪ್ತಿರ್ಲಿಲ್ಲ ಅಣ್ಣ. ಊರಿಂದ ಮೂರು ಗಂಟೆ ದಾರಿ."

ಅಣ್ಣ ಕೈಯ ಗ್ರೀಸನ್ನು ಪೇಪರಿಗೆ ಒರೆಸಿದ.

"ಊರಲ್ಲೆಲ್ಲಿದ್ದೆ ನಾನು? ಆಸ್ಪತ್ರೆ ಎದುರು ಬಸ್ ಸ್ಟಾಪಲ್ಲಿ ಕೂತಿದ್ದೆ ಕಣೋ. ಬೆಳಿಗ್ಗೆಯಿಂದ. ಕರೀದೆ ಒಳಗೆ ಬಂದ್ರೆ ಅಪ್ಪ ಮುಖ ತಿರುಗಿಸಿಬಿಟ್ರೆ ಅಂತ... ಆ ರೂಮಿನ ಕಿಟಕಿ ಕಾಣ್ತಿತ್ತು. ನೋಡಿ ನೋಡಿ ನಾಲ್ಕರ ಬಸ್ಸಿಗೆ ವಾಪಸ್ ಹೋದೆ."

ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಪೇಪರ್ ಮೇಲೆ ಸ್ಕ್ರೂ ಹುಡುಕತೊಡಗಿದ. "ನೀನೀಗ ಹೊರಡು" ಎಂದ. ಹೊರಟೆ.

ಒಂದು ರಸ್ತೆ. ಅಷ್ಟೇ ದೂರ.

ಬಸ್ಸು ಬಂದು ನಿಂತಿದೆ. ಹತ್ತಬೇಕು. ಆದರೆ ಈಗ ನೆನಪಾಗುತ್ತಿದೆ — ಆ ದಿನ, ಅಪ್ಪ ಎರಡನೇ ಸಲ ಕೇಳಿದ ಮೇಲೆ ಎದ್ದು ಕಿಟಕಿಗೆ ಹೋಗಿದ್ದೆ. ಅಪ್ಪನ ಮುಖಕ್ಕೆ ಬಿಸಿಲು ಬೀಳುತ್ತಿತ್ತು, ಪರದೆ ಎಳೆಯಲು. ಕೆಳಗೆ ರಸ್ತೆಯಾಚೆ, ನೆರಳಿನಲ್ಲಿ, ಯಾರೋ ಒಬ್ಬ ತಲೆಯೆತ್ತಿ ನಮ್ಮ ಕಿಟಕಿಯನ್ನೇ ನೋಡುತ್ತಿದ್ದ. ನಾನು ಪರದೆ ಎಳೆದೆ.