ಟಾಕೀಜಿನಿಂದ ಹೊರಬಂದವರ ಮುಖ

ಚಿಕ್ಕೋಡಿ–ಮಿರಜ ಬಸ್ಸಿನ ಡ್ರೈವರ್ ಸಾಹೇಬ, ಜಗತ್ತಿನ ಸಮಸ್ತ ಪಿಚ್ಚರುಗಳ ಪರೀಕ್ಷಕ, ದೋಸ್ತ ಅಲ್ಲಾಬಕ್ಷನಿಗೆ ನಿನ್ನ ಕಂಡಕ್ಟರ್ ದುಂಡೇಶ ಸೀಟಿ ಊದಿ ತಿಳಿಸುವುದೇನೆಂದರೆ,

ಈ ಗುರುವಾರವೂ ನನಗೆ ವಾರದ ಸೂಟಿ ಬಂತು. ನೀನು ಹೋದಮೇಲೆ ಸೂಟಿಯೇ ಬರುವುದಿಲ್ಲ ಅಂದುಕೊಂಡಿದ್ದೆ. ನಮ್ಮ ಸಾರಿಗೆ ಖಾತೆ ಅಷ್ಟು ಸೂಕ್ಷ್ಮ ಮನಸ್ಸಿನದಲ್ಲ.

ಸೂಟಿಗೊಂದು ಪಿಚ್ಚರ್ ಎಂಬುದು ನಮ್ಮಿಬ್ಬರ ಧರ್ಮ. ಯಾವ ಪಿಚ್ಚರ್ ಎಂಬುದು ಮಾತ್ರ ನಿನ್ನೊಬ್ಬನ ಅಧಿಕಾರ. ಪೋಸ್ಟರನ್ನು ನೀನು ನಂಬುತ್ತಿರಲಿಲ್ಲ. ಮೊಬೈಲಿನಲ್ಲಿ ಎಷ್ಟು ಚುಕ್ಕಿ ಕೊಟ್ಟಿದ್ದಾರೆಂದು ನಾನು ತೋರಿಸಿದರೆ, “ಚುಕ್ಕಿ ಆಕಾಶದಾಗ ಇರಬೇಕಲೇ ದುಂಡ್ಯಾ, ಅಂಗೈಯಾಗ ಏನ್ ಕೆಲಸ ಅವಕ್ಕ?” ಅನ್ನುತ್ತಿದ್ದೆ. ಟಾಕೀಜಿನ ಎದುರು ಚಹಾದ ಅಂಗಡಿಯ ಕಟ್ಟಿಗೆಯ ಬಾಕಿನ ಮೇಲೆ ಕೂತು, ಹಿಂದಿನ ಆಟ ಬಿಟ್ಟು ಹೊರಬರುವವರ ಮುಖ ನೋಡುವುದೇ ನಿನ್ನ ಪರೀಕ್ಷೆ. ಬಂದವರು ಬಂದ ಕೂಡಲೇ ಮಿರ್ಚಿ ಭಜಿ ಕೇಳಿದರೆ ಪಿಚ್ಚರ್ ಫೇಲು, ಮನೆಗೆ ನಡೆ. ಮಾತಿಲ್ಲದೆ ಬಂದು, ತಮ್ಮ ಗಾಡಿಯ ಎದುರಿಗೇ ನಿಂತು ಗಾಡಿ ಹುಡುಕುತ್ತಿದ್ದರೆ ಪಾಸು, ತಿಕೀಟ ತೆಗೆಸು.

ಒಳಗೆ ನಿನ್ನ ಪಕ್ಕದಲ್ಲಿ ಕೂರುವುದೇನು ಸುಲಭವಿತ್ತೇ? ಪರದೆಯ ಮೇಲೆ ಹೀರೋ ಗಾಡಿ ಜೋರು ಮಾಡಿದರೆ ನಿನ್ನ ಬಲಗಾಲು ನೆಲ ಒತ್ತುತ್ತಿತ್ತು. “ಬ್ರೇಕ್ ಹೊಡಿಯೋ, ಮಂದಿ ಅದಾರ!” ಎಂದು ಕೂಗಿ ಇಡೀ ಬಾಲ್ಕನಿ ತಿರುಗುವಂತೆ ಮಾಡುತ್ತಿದ್ದೆ.

ಆಮೇಲೆ ನಿನಗೆ ಹೊಟ್ಟೆನೋವು ಬಂತು. ಡಿಪೋದವರೆಲ್ಲ ಗ್ಯಾಸು ಅಂದರು, ಮಿರಜದ ಡಾಕ್ಟರು ಗಡ್ಡೆ ಅಂದರು. ನೀನೇ ಓಡಿಸುತ್ತಿದ್ದ ಬಸ್ಸಿನಲ್ಲಿ ನಿನ್ನನ್ನು ಪ್ರಯಾಣಿಕನಾಗಿ ಕೂಡಿಸಿ ಒಯ್ದೆ. ಕೃಷ್ಣೆಯ ಸೇತುವೆ ಬರುವವರೆಗೂ ನೀನು ಹೊಸ ಡ್ರೈವರನ ಗಿಯರಿಗೆ ಹೆಸರಿಡುತ್ತಲೇ ಬಂದೆ. ಆಸ್ಪತ್ರೆಯ ಮಂಚದ ಮೇಲೆ ನೀನು ನನಗೊಂದು ಕೆಲಸ ಹಚ್ಚಿದೆ: “ಈ ಸಲ ನೀನ ಆರಿಸಲೇ. ಛಲೋ ಪಿಚ್ಚರ್ ನೋಡಿ ಇಡು. ಎದ್ದ ಕೂಡ್ಲೇ ಹೋಗೂಣು.”

ಆರಿಸಿದೆ ಮಾರಾಯ. ಮುಂದಿನ ಸೂಟಿಗೆ ಅದೇ ಬಾಕಿನ ಮೇಲೆ ಕೂತೆ. ಆಟ ಬಿಟ್ಟಿತು. ಒಬ್ಬನೂ ಭಜಿ ಕೇಳಲಿಲ್ಲ. ಚಹಾದವನಿಗೇ ಚಿಂತೆ ಹತ್ತಿತು. ಒಬ್ಬ ಗೌಡರಂತೂ ಬೇರೆಯವರ ಗಾಡಿಗೆ ಚಾವಿ ತಿರುವುತ್ತ ನಿಂತಿದ್ದರು. ಇಂಥ ಪಾಸು ನಮ್ಮ ಜನ್ಮದಲ್ಲಿ ಕಂಡಿರಲಿಲ್ಲ. ಇದನ್ನು ಕೇಳಿದರೆ ಎದ್ದೇ ಏಳುತ್ತೀ ಎಂದು ಸಿಕ್ಕ ಬಸ್ಸು ಹತ್ತಿ ಮಿರಜಕ್ಕೆ ಬಂದೆ.

ನಿನ್ನ ವಾರ್ಡಿನ ಬಾಗಿಲು ತೆರೆಯಿತು. ನಿನ್ನ ಹೆಂಡತಿ ಹುಸೇನಬಿ ವೈನಿ ಹೊರಗೆ ಬಂದರು, ಹಿಂದೆ ಅವರ ತಮ್ಮ ಆಸಿಮ. ಇಬ್ಬರಿಗೂ ಮಾತಿಲ್ಲ. ಕಾಲಲ್ಲೇ ಇದ್ದ ಚಪ್ಪಲಿಯನ್ನು ವೈನಿ ಗೋಡೆಗುಂಟ ಹುಡುಕುತ್ತಿದ್ದರು. ಮುಖ ಓದುವುದನ್ನು ನೀನೇ ಕಲಿಸಿದ್ದೆ. 

ಆ ಪಿಚ್ಚರನ್ನು ನಾನೂ ನೋಡಲಿಲ್ಲ. ಎಷ್ಟೋ ಸೂಟಿ ಮನೆಯಲ್ಲೇ ಬಿದ್ದುಕೊಂಡೆ. ಕಡೆಗೆ ನನ್ನ ಹೆಂಡತಿ ಶೀತಲ, “ಅಲ್ಲಾಬಕ್ಷಣ್ಣ ಇದ್ದಿದ್ರ ನಿಮ್ಮನ್ನ ಒದ್ದು ಎಬ್ಬಿಸ್ತಿದ್ರು. ಹೋಗ್ರಿ, ಯಾವ್ದರ ಒಂದ ನೋಡಿ ಬರ್ರಿ” ಎಂದು ಈ ಗುರುವಾರ ಹೊರಗೆ ಹಾಕಿದಳು.

ಬಾಕಿನ ಮೇಲೆ ಕೂತು ನೋಡಿದೆ. ಹೊರಬಂದವರೆಲ್ಲ ಭಜಿಗೆ ಮುಗಿಬಿದ್ದರು. ಸಾಫ್ ಫೇಲು. ಛಲೋ ಪಿಚ್ಚರನ್ನು ನಿನ್ನನ್ನು ಬಿಟ್ಟು ನೋಡುವುದು ದ್ರೋಹ. ಕೆಟ್ಟದ್ದಕ್ಕೆ ಅಡ್ಡಿಯಿಲ್ಲ ಎಂದು ಒಳಗೆ ಹೋದೆ. ಪಕ್ಕದ ಕುರ್ಚಿಗೆ ಟವೆಲ್ ಹಾಕಿದೆ. ನಡುವೆ ಕಾಮಿಡಿಯವನೊಬ್ಬ ಜೀಪು ಹತ್ತಿ ಹುಚ್ಚೆದ್ದು ಓಡಿಸಿದ. ಯಾರೂ ಬ್ರೇಕ್ ಒತ್ತಲಿಲ್ಲ. ಜೀಪು ಹೋಗಿ ಬಾವಿಗೆ ಬಿತ್ತು. ಟಾಕೀಜೆಲ್ಲ ನಕ್ಕಿತು. ನಾನು ಆ ಟವೆಲ್ಲನ್ನೇ ಬಾಯಿಗೆ ಒತ್ತಿಕೊಂಡೆ.

ಹೊರಗೆ ಬಂದು ನನ್ನ ಗಾಡಿಯ ಎದುರಿಗೇ ನಿಂತು ಗಾಡಿ ಹುಡುಕುತ್ತಿದ್ದೆ. ಚಹಾದ ಅಂಗಡಿಯಲ್ಲಿ ಹೊಸದಾಗಿ ಮದುವೆಯಾದ ಗಂಡ ಹೆಂಡತಿ ನಿಂತಿದ್ದರು.

“ದೀಪಾಲಿ, ಆ ಕಾಕಾನ ಮಾರಿ ನೋಡ. ಅತ್ತು ಅತ್ತು ಕಣ್ಣ ಕೆಂಪಾಗ್ಯಾವ. ಪಿಚ್ಚರ್ ಭಾರಿ ಇದ್ದಂಗೈತಿ!”

“ಹಂಗಾರ ತಡಾ ಯಾಕ್ರಿ? ತಿಕೀಟ ತಗಸ್ರಿ.”

ಬೇಡ ಅನ್ನಲು ಬಾಯಿ ತೆಗೆದೆ. ಅಷ್ಟರಲ್ಲಿ ಇಬ್ಬರೂ ನಗುತ್ತ ಒಳಗೆ ಹೋಗಿಬಿಟ್ಟರು. ನಿನ್ನ ಪರೀಕ್ಷೆ ಮೊದಲ ಸಲ ಸುಳ್ಳಾಯಿತು ಸಾಹೇಬ, ಅದೂ ನಿನ್ನಿಂದಲೇ.

ಇಷ್ಟು ವರ್ಷ ಊರ ಮಂದಿಯನ್ನು ಹೊತ್ತು ತಿರುಗಿದವನಿಗೆ ಅಲ್ಲಾಹನು ಒಂದು ಕಿಟಕಿ ಸೀಟು ಕೊಡಲಿ. ಓಡಿಸುವ ಚಿಂತೆ ಬಿಟ್ಟು ಹೊರಗೆ ನೋಡುತ್ತ ಕುಳಿತಿರು.

ಬಾಕಿನ ಮೇಲೆ ಮಗ್ಗುಲಲ್ಲಿ ನಿನ್ನ ಜಾಗ ಬಿಟ್ಟು ಕೂತಿರುವ,
ನಿನ್ನ ದುಂಡ್ಯಾ