ಹಕಾರದ ಮೇಲೊಂದು ದೂರು

ಶುಕ್ರವಾರ, ಮಕ್ಕಳನ್ನು ಶಾಲೆಗೆ ಸಾಗಹಾಕಿದ ಮೇಲೆ

ಸಿಡುಕಿಯಾದರೂ ಮುದ್ದಿನವಳಾದ ಮಗಳೇ,

ನಿನ್ನೆ ನೀನು ದೂರವಾಣಿಯಲ್ಲಿ ಕೂಗಾಡಿದ್ದಕ್ಕೆ ಬರವಣಿಗೆಯಲ್ಲಿಯೇ ಉತ್ತರಿಸುತ್ತಿದ್ದೇನೆ. ಇಲ್ಲಿ ಯಾರೂ ನಡುವೆ ಬಾಯಿ ಹಾಕುವಂತಿಲ್ಲ. "ಅಮ್ಮಾ, ನಿನ್ನ ಕೈಲಿ ಆಗ್ತಿಲ್ಲ ಬಿಡು. ನಮ್ಮ ತರಬೇತಿ ಮುಗಿಯೋವರೆಗೂ ಮಕ್ಕಳು ನಾದಿನಿ ಮನೇಲೇ ಇರ್ಲಿ" ಎಂದೆಯಲ್ಲ, ಆ ಮಾತನ್ನು ನಾನು ಒಪ್ಪುವುದಿಲ್ಲ.

ಚಿಕ್ಕವಳನ್ನು ಶಾಲೆಯ ನಾಟಕಕ್ಕೆ ಅಕ್ಕಿಮೂಟೆಯ ವೇಷದಲ್ಲಿ ಕಳುಹಿಸಿದ್ದು ನಿಜ. ಆಕೆ ಹಕ್ಕಿಯಾಗಬೇಕಿತ್ತೆಂಬುದೂ ನಿಜ. ಆದರೆ ತಪ್ಪು ಯಾರದು? "ಅಜ್ಜಿ, ನಾಳೆ ನಾನು ಅಕ್ಕಿ" ಎಂದಳು. "ಸರಿಯಾಗಿ ಹೇಳೇ" ಎಂದೆ. "ಅಕ್ಕಿ ಅಜ್ಜಿ, ಅಕ್ಕಿ!" ಎಂದು ಎರಡೂ ಕೈಗಳನ್ನು ಪಟಪಟ ಬಡಿದಳು. ಅಕ್ಕಿಯಾಗಲು ಮಗುವಿಗೆ ಇಷ್ಟೊಂದು ಉತ್ಸಾಹವೇ ಎಂದು ಮೆಚ್ಚಿಕೊಂಡೆ. ನಿನ್ನ ಮನೆಯಲ್ಲಿ ಹಕಾರಕ್ಕೆ ಮರ್ಯಾದೆಯಿಲ್ಲ. ಅಳಿಯಂದಿರು ಕುಡಿಯಲು 'ಆಲು' ಕೇಳಿದ ದಿನವೇ ನಾನು ನಿನ್ನನ್ನು ಎಚ್ಚರಿಸಿದ್ದೆ.

ನಿನ್ನ ಹೊಸ ದಿಂಬಿನ ಚೀಲಗಳೆರಡನ್ನು ಜೋಡಿಸಿ ಹೊಲಿದು, ತೋಳಿಗೆ ಕಿಂಡಿ ಬಿಟ್ಟು, ಎದೆಯ ಮೇಲೆ 'ಉತ್ತಮ ಅಕ್ಕಿ' ಎಂದು ಬರೆದೆ. ಅಚ್ಚುಕೂಟದಲ್ಲಿ ಕರಡು ತಿದ್ದಿ ಕೂದಲು ನರೆಸಿಕೊಂಡವಳು ನಾನು, ಒತ್ತಕ್ಷರವೊಂದೂ ಓರೆಯಾಗಿರಲಿಲ್ಲ. ಬೆಳಿಗ್ಗೆ ಮಗು ಸಕ್ಕರೆ ಬೇಕೆಂದು ಅತ್ತಿತು. ಹಲ್ಲು ಹುಳುಕಾಗುತ್ತದೆಂದು ಕೊಡಲಿಲ್ಲ. ಅದು ಕೇಳಿದ್ದು ರೆಕ್ಕೆಯನ್ನು ಎಂದು ಸಂಜೆ ತಿಳಿಯಿತು. ಅಲ್ಲಿಗೆ ರಕಾರವೂ ನೆಟ್ಟಗಿಲ್ಲವೆಂದಾಯಿತು.

ನಾಟಕವೇನೂ ಕೆಡಲಿಲ್ಲ. ನಾನು ಮುಂದಿನ ಸಾಲಿನಲ್ಲಿಯೇ ಕುಳಿತಿದ್ದೆ. ಉಳಿದ ಹಕ್ಕಿಗಳು ಮಾತು ಮರೆತು ಒಂದರ ಮುಖವನ್ನೊಂದು ನೋಡುತ್ತಿದ್ದಾಗ, ಅವರ ಶಿಕ್ಷಕಿ ಪರದೆಯ ಮರೆಯಿಂದ, "ನೋಡ್ರೋ, ಅಲ್ಲಿದೆ ಅಕ್ಕಿ! ಹೋಗಿ ತಿನ್ರೋ!" ಎಂದು ಕೂಗಿದರು. ಹಕ್ಕಿಗಳೆಲ್ಲ ಮೂಟೆಗೆ ಮುತ್ತಿಗೆ ಹಾಕಿದವು. ಮೂಟೆ ಕಚಗುಳಿ ತಾಳದೆ ಕಿಲಕಿಲ ನಕ್ಕು, ಉರುಳಿ, ಎದ್ದು, ವೇದಿಕೆಯಿಂದಲೇ ಪರಾರಿಯಾಯಿತು. ಸಭೆ ಎದ್ದು ಚಪ್ಪಾಳೆ ತಟ್ಟಿತು. ನೀನು ಕೇಳಿದ್ದು ದೂರನ್ನು. ನಾನು ಕಂಡದ್ದು ಇದನ್ನು.

ಉಳಿದ ಆಪಾದನೆಗಳಿಗೂ ಉತ್ತರವಿದೆ. ರಬ್ಬರುಗಳನ್ನು ನಾನು ಕಳೆಯುತ್ತಿಲ್ಲ, ಅವು ತಾವಾಗಿಯೇ ಸಂನ್ಯಾಸ ಸ್ವೀಕರಿಸುತ್ತವೆ. ದೊಡ್ಡವಳ ಊಟದ ಡಬ್ಬಿ ದಿನಕ್ಕೊಂದು ಮುಚ್ಚಳ ಧರಿಸಿ ಬರುವುದು ಅವಳ ಸ್ನೇಹಸಂಪತ್ತಿಗೆ ಸಾಕ್ಷಿ. ಒಂಟಿ ಕಾಲುಚೀಲಗಳ ವಿಷಯ ಬೇಡ, ನಿನ್ನವೇ ಇನ್ನೂ ಸಿಕ್ಕಿಲ್ಲ.

ನಾದಿನಿಯ ಮನೆ ಅಚ್ಚುಕಟ್ಟಾಗಿದೆ, ಗೊತ್ತು. ಅಲ್ಲಿ ಮಕ್ಕಳು ಪ್ರತ್ಯೇಕ ಮಂಚದಲ್ಲಿ ಮಲಗುತ್ತಾರೆ. ಇಲ್ಲಿ ಚಿಕ್ಕವಳ ಹಿಮ್ಮಡಿ ನನ್ನ ಪಕ್ಕೆಯಲ್ಲಿ, ದೊಡ್ಡವಳ ಮೊಣಕೈ ನನ್ನ ಮೂಗಿನ ಮೇಲೆ. ಇದಕ್ಕಿಂತ ಸೊಗಸಾದ ನಿದ್ರೆಯನ್ನು ನಾನು ಬೇರೆಲ್ಲಿ ಮಾಡಲಿ? ಅವರನ್ನು ಕರೆದೊಯ್ಯಬೇಡ. ಇಂದಿನಿಂದಲೇ ಚಿಕ್ಕವಳಿಗೆ ಹಕಾರದ ಪಾಠ ಆರಂಭಿಸುತ್ತೇನೆ.

ನಿನ್ನ ತಪ್ಪುಗಳನ್ನು ತಿದ್ದಿ ಬೆಳೆಸಿದ,
ಅಮ್ಮ

ಮರುಬರಹ: ಸಂಜೆ ಪಾಠ ಆರಂಭಿಸಿದೆ. ಹಕಾರಕ್ಕೆ ಉಸಿರು ಬೇಕಲ್ಲ, ಅದಕ್ಕಾಗಿ ಚಿಕ್ಕವಳ ಬಾಯಿಯ ಮುಂದೆ ಕನ್ನಡಿ ಹಿಡಿದು 'ಹಕ್ಕಿ' ಎನ್ನಿಸಿದೆ. ಕನ್ನಡಿ ಮಸುಕಾಯಿತು, ನನಗೆ ಕೇಳಿಸಿದ್ದು 'ಅಕ್ಕಿ'ಯೇ. ಐದಾರು ಸಲ ಹೀಗೆಯೇ ಆಯಿತು. ಕೊನೆಗೆ ದೊಡ್ಡವಳು, "ಅಜ್ಜೀ, ಅವಳು ಸರಿಯಾಗೇ ಹೇಳ್ತಿದಾಳೆ, ನಿಮಗೇ ಕೇಳಿಸ್ತಿಲ್ಲ!" ಎಂದು ಕಿವಿಯಲ್ಲಿ ಕಿರುಚಿದಳು. ಅದು ಸ್ಪಷ್ಟವಾಗಿ ಕೇಳಿಸಿತು. ಹಕಾರದ ಮೇಲಿನ ದೂರನ್ನು ಹಿಂತೆಗೆದುಕೊಂಡಿದ್ದೇನೆ. ಸೋಮವಾರ ಕಿವಿಯ ವೈದ್ಯರನ್ನು ಕಾಣುತ್ತೇನೆ. ಮಕ್ಕಳನ್ನು ಮಾತ್ರ ಇಲ್ಲಿಯೇ ಬಿಡು. ಮಲಗುವ ಮುನ್ನ ಇಬ್ಬರೂ ನನ್ನ ಕಿವಿಯಲ್ಲಿ ಏನೇನೋ ಗುಟ್ಟು ಹೇಳುತ್ತಾರೆ. ಇಷ್ಟು ದಿನ ಸುಮ್ಮನೆ ನಕ್ಕು ತಲೆಯಾಡಿಸಿದ್ದೇನೆ. ಯಾವ ಯಾವುದಕ್ಕೆ ಒಪ್ಪಿದ್ದೇನೋ ಇನ್ನು ತಿಳಿಯಬೇಕು. ಒಂದು ನಾಯಿಮರಿಗಂತೂ ಒಪ್ಪಿದ್ದೇನಂತೆ. ಅದು ಭಾನುವಾರ ಬರುತ್ತದಂತೆ.