ಇನ್ನೊಂದು ಸಲ ಕೇಳುವ ಯಂತ್ರ

ಗೊಟ್ಟಿಗೆರೆ
ಮೇ ೧೯೬೮

ಪ್ರೀತಿಯ, ಗೌರವದ ಕಮಲಾದೇವಿ ಮೇಡಂ ಅವರಿಗೆ,

ಇಷ್ಟು ದಿನ ನಿಮ್ಮಿಂದ ಮುಚ್ಚಿಟ್ಟಿದ್ದ ಒಂದು ಸಂಗತಿಯನ್ನು ಮೊದಲು ಹೇಳಿಬಿಡುತ್ತೇನೆ. ಹೋದ ದಸರಾ ರಜೆ ಮುಗಿದು ಆಫೀಸು ತೆರೆದ ದಿನ ನಾನು ಬಂದದ್ದು ಕೆಲಸ ಮಾಡುವುದಕ್ಕಲ್ಲ, ಬಿಟ್ಟು ಹೋಗುತ್ತೇನೆಂದು ಹೇಳುವುದಕ್ಕೆ. ಅದಕ್ಕೆ ಕಾರಣ ನೀವೇ ಎಂದು ನಂಬಿಕೊಂಡಿದ್ದೆ.

ಒಂಬತ್ತನೇ ಕ್ಲಾಸಿನಲ್ಲಿ ಶಾಲೆ ಬಿಟ್ಟವನು ನಾನು. ಬಡತನವೇನೂ ಕಾರಣವಲ್ಲ, ಒಂದು ಕಡೆ ಕೂತಿರಲು ಆಗುತ್ತಿರಲಿಲ್ಲ. ಜಯನಗರದ ನಮ್ಮ ಆಫೀಸಿಗೆ ಸೇರಿದ್ದು ಕಂಪ್ಯೂಟರ್ ಕೋಣೆಗೆ ತೂತು ಹೊಡೆದ ಕಾರ್ಡುಗಳ ಪೆಟ್ಟಿಗೆ ಹೊತ್ತು ತರುವ ಕೆಲಸಕ್ಕೆ. ಊಟದ ಬಿಡುವಿನಲ್ಲಿ ನಿಮ್ಮ ಹಿಂದೆ ನಿಂತು ಇಣುಕುತ್ತಿದ್ದಾಗ, ‘ನಿಂತ್ಕೊಂಡು ನೋಡಿದ್ರೆ ಬರಲ್ಲ ಬೈರಣ್ಣ, ಕೂತ್ಕೊ’ ಎಂದು ಸ್ಟೂಲು ಎಳೆದುಕೊಟ್ಟಿರಿ. ಶಾಲೆಯ ಬೆಂಚಿನ ಮೇಲೆ ಕೂರಲಾರದವನು ಆ ಸ್ಟೂಲಿನ ಮೇಲೆ ಕೂತೆ. ಹಾಗೆ ಕಲಿತು ಬರೆದ ಮೊದಲ ಪ್ರೋಗ್ರಾಂ ಬಹಳ ಸಣ್ಣದು. ಯಂತ್ರ ಒಂದೊಂದೇ ಸಂಖ್ಯೆ ಕೇಳುವುದು, ಅದಕ್ಕೆ ಜೋಡಿಸಿದ ಟೈಪ್‌ರೈಟರಿನಲ್ಲಿ ನಾವು ಒತ್ತಿದ್ದನ್ನೆಲ್ಲ ಕೂಡಿ ಮೊತ್ತ ತೋರಿಸುವುದು, ಅಷ್ಟೇ. ನನಗೆ ಮಾತ್ರ ಆಕಾಶ ಮೂರೇ ಗೇಣು.

ಆಯುಧಪೂಜೆಗೆ ಮನೆಯವರನ್ನೂ ಕರೆತರಬಹುದೆಂದಾಗ ಅಜ್ಜಿ ಸೊಣ್ಣಮ್ಮನನ್ನು ಕರೆದುಕೊಂಡು ಬಂದೆ. ಯಂತ್ರಕ್ಕೆ ಅರಿಶಿನ ಕುಂಕುಮ ಇಟ್ಟು ಸೇವಂತಿಗೆ ಹಾರ ಹಾಕಿದ್ದರು. ಅಜ್ಜಿ ಕೈ ಮುಗಿದಳು. ನೀವು ಟೈಪ್‌ರೈಟರಿನ ಮುಂದೆ ಕೂತು, ‘ರಾಗಿ ಅಳೀವಾಗ ಎಣಿಸ್ತೀರಲ್ಲ, ಹಾಗೇ ಹೇಳಿ ಅಜ್ಜಿ’ ಎಂದಿರಿ.

ಕಣದಲ್ಲಿ ರಾಶಿ ಅಳೆಯುವಾಗ ನಮ್ಮವರು ಮೊದಲನೆಯ ಕೊಳಗಕ್ಕೆ ಒಂದು ಎನ್ನುವುದಿಲ್ಲ, ಲಾಭ ಎನ್ನುತ್ತಾರೆ. ಆಮೇಲೆ ಎರಡು, ಮೂರು. ಅಜ್ಜಿ ಸೆರಗು ಸರಿಮಾಡಿಕೊಂಡು ಗಟ್ಟಿಯಾಗಿ ‘ಲಾಭ’ ಎಂದಳು. ನೀವು ಅದನ್ನೇ ಇಂಗ್ಲಿಷ್ ಅಕ್ಷರಗಳಲ್ಲಿ ಒತ್ತಿದಿರಿ. ಅಂಕಿಗಾಗಿ ಕಾದಿದ್ದ ನನ್ನ ಪ್ರೋಗ್ರಾಂ ಅಕ್ಷರ ಬಂದದ್ದೇ ತಡ ನಿಂತುಹೋಯಿತು.

‘ಏನಯ್ಯಾ, ನಿಮ್ಮಜ್ಜಿ ಬಾಯಿ ತೆಗೆದಿದ್ದಕ್ಕೇ ನಿನ್ನ ಪ್ರೋಗ್ರಾಂ ಮೂರ್ಛೆ ಹೋಯ್ತಲ್ಲ!’ ಎಂದರು ನಮ್ಮ ಮೇಲಧಿಕಾರಿ ಜಯದೇವಪ್ಪನವರು. ಎಲ್ಲರೂ ನಕ್ಕರು. ಅಜ್ಜಿ ಮುದುರಿಕೊಂಡು, ‘ನನ್ನಿಂದ ಕೆಟ್ಟೋಯ್ತೇನ್ಲಾ ಮಗ?’ ಎಂದಳು. ‘ಒಂದು ಅಂತ ಅನ್ನೋಕೆ ನಿನ್ನ ಗಂಟೇನ್ ಹೋಗ್ತಿತ್ತು?’ ಎಂದು ಅಷ್ಟು ಜನರ ಮುಂದೆ ರೇಗಿಬಿಟ್ಟೆ.

ನೀವು ಬೇಕೆಂದೇ ಹಾಗೆ ಒತ್ತಿದಿರಿ ಎಂದುಕೊಂಡೆ. ಒಂದು ಎಂದು ಒತ್ತಿದ್ದರೆ ಮುಗಿದುಹೋಗುತ್ತಿತ್ತಲ್ಲ! ರಜೆ ಮುಗಿದ ದಿನ ಅದನ್ನು ಮುಖದ ಮೇಲೆ ಹೇಳಿ ಹೋಗೋಣವೆಂದು ಬಾಗಿಲಲ್ಲಿ ನಿಂತಿದ್ದಾಗ ನೀವೇ ಮೊದಲು ಮಾತಾಡಿದಿರಿ. ‘ತಪ್ಪು ನಿಮ್ಮದಲ್ಲ ಅಂತ ಅಜ್ಜಿಗೆ ಹೇಳಿದ್ಯಾ?’ ಇಲ್ಲ ಎಂದೆ. ‘ಕೇಳಿದ್ದು ನೀನು. ಅವರು ತಮಗೆ ಬಂದ ಹಾಗೆ ಹೇಳಿದ್ರು. ನಾನು ತಿದ್ದಿ ಒತ್ತಿದ್ರೆ ನೀನು ಎಲ್ಲ ಸರಿಯಾಗಿದೆ ಅಂದ್ಕೊಂಡಿರ್ತಿದ್ದೆ. ನಾಳೆ ಇನ್ಯಾರೋ ಮುಕ್ಕಾಲು ಅಂತಾರೆ, ಇನ್ನೊಬ್ರು ಏನೂ ಒತ್ತದೆ ಬಿಡ್ತಾರೆ. ಎಲ್ಲರನ್ನೂ ಬೈಕೊಂಡು ತಿರುಗ್ತೀಯಾ?’

ಬಾಯಿಗೆ ಬಂದಿದ್ದ ಮಾತನ್ನು ನುಂಗಿಕೊಂಡು ಒಳಗೆ ಬಂದು ಕೂತೆ.

ಬಂದದ್ದನ್ನು ಸಂಖ್ಯೆಯೆಂದು ಮೊದಲೇ ನಂಬಬಾರದು ಎಂದು ಅವತ್ತು ಕಲಿಸಿದಿರಿ. ಬರೀ ಅಕ್ಷರಗಳೆಂದು ಓದಿಕೊಂಡು, ಒಂದೊಂದು ಅಕ್ಷರದ ಜಾಗದಲ್ಲೂ ಅಂಕಿಯೇ ಇದೆಯೇ ಎಂದು ನೋಡಬೇಕು. ಇದ್ದರೆ ಕೂಡಿಕೊಳ್ಳಬೇಕು, ಇಲ್ಲದಿದ್ದರೆ ನಿಲ್ಲದೆ ಮತ್ತೆ ಕೇಳಬೇಕು. ಹಾಗೆ ಕೇಳುವ ಕಡೆ ನಾನು ಇಂಗ್ಲಿಷ್ ಅಕ್ಷರಗಳಲ್ಲೇ ‘ತಪ್ಪು’ ಎಂದು ಟೈಪಾಗುವಂತೆ ಬರೆದಿದ್ದೆ. ನೀವು ಅದನ್ನು ಹೊಡೆದುಹಾಕಿ ‘ಇನ್ನೊಂದು ಸಲ ಹೇಳಿ’ ಎಂದು ಬರೆಸಿದಿರಿ.

ಪ್ರೋಗ್ರಾಂ ಸರಿಹೋಯಿತು. ಅಜ್ಜಿ ಸರಿಹೋಗಲಿಲ್ಲ. ಸಂಕ್ರಾಂತಿಯ ಹೊತ್ತಿಗೆ ಕಣದಲ್ಲಿ ರಾಗಿ ಅಳೆಯಲು ಕೂತವಳು ಮೊದಲ ಕೊಳಗ ತುಂಬಿ, ನನ್ನ ಮುಖ ನೋಡಿ, ಮೆಲ್ಲಗೆ ‘ಒಂದು’ ಎಂದಳು. ಪಕ್ಕದ ಮನೆಯ ಮುನಿಲಕ್ಷ್ಮಮ್ಮ, ‘ಯಾಕಕ್ಕ, ಈ ವರ್ಷ ಲಾಭ ಬ್ಯಾಡ್ವಾ?’ ಎಂದು ಚುಡಾಯಿಸಿದಳು. ‘ನಮ್ ಹುಡುಗನ ಮಿಸನ್ನಿಗೆ ಅದು ಆಗಾಕಿಲ್ಲ ಕಣೆ’ ಎಂದಳು ಅಜ್ಜಿ. ನನ್ನ ಒಂದು ಗದರಿಕೆಗೆ ಹೆದರಿ, ಜೀವಮಾನವಿಡೀ ಆಡಿಕೊಂಡು ಬಂದ ಮಾತನ್ನೇ ಬಿಟ್ಟಿದ್ದಳು. ನನಗೆ ಅಲ್ಲಿ ನಿಲ್ಲಲಾಗಲಿಲ್ಲ.

ನಿಮಗೆ ಹೇಳಿದಾಗ ನೀವು ಕೇಳಿದ್ದು ಒಂದೇ: ‘ಯಾವಾಗ ಕರ್ಕೊಂಡು ಬರ್ತೀಯಾ?’ ಒಲ್ಲೆ ಎಂದವಳನ್ನು ಬಸ್ಸು ಹತ್ತಿಸುವಷ್ಟರಲ್ಲಿ ಸಾಕುಸಾಕಾಯಿತು. ಯಂತ್ರದ ಮುಂದೆ ಕೂರಿಸಿದರೆ ‘ಒಂದು’ ಎಂದಳು! ನೀವು ಒತ್ತಲಿಲ್ಲ. ‘ಅದಲ್ಲ ಅಜ್ಜಿ, ಹೋದ ಸಲ ಹೇಳಿದ್ರಲ್ಲ, ಅದು.’ ಅವಳು ನನ್ನ ಕಡೆ ನೋಡಿದಳು. ನಾನು ತಲೆಯಾಡಿಸಿದ ಮೇಲೆ ‘ಲಾಭ’ ಎಂದಳು. ಯಂತ್ರ ಕಟಕಟ ಎಂದಿತು, ನಿಲ್ಲಲಿಲ್ಲ. ‘ಇನ್ನೊಂದು ಸಲ ಹೇಳಿ ಅಂತಿದೆ’ ಎಂದು ನೀವು ಓದಿ ಹೇಳಿದಿರಿ. ‘ಲಾಭ ಕಣಪ್ಪ, ಲಾಭ!’ ಅದು ಮತ್ತೆ ಕೇಳಿತು. ಅವಳು ಮತ್ತೆ ಹೇಳಿದಳು. ಜಯದೇವಪ್ಪನವರೂ ಬಂದು ನಿಂತರು. ಕೊನೆಗೆ ಅಜ್ಜಿಯೇ ನಗುತ್ತಾ, ‘ಆಗ್ಲಿ, ಒಂದು ಅಂತ್ಲೇ ಇಟ್ಕೊ’ ಎಂದು ಯಂತ್ರಕ್ಕೆ ಹೇಳಿ, ನನ್ನ ಕಡೆ ತಿರುಗಿದಳು. ‘ನಿನಗಿಂತ ಇದೇ ವಾಸಿ ಕಣ್ಲಾ. ಎಷ್ಟು ಸಲ ಅಂದ್ರೂ ರೇಗಾಕಿಲ್ಲ.’ ಬಸ್ಸಿನಲ್ಲಿ ಪಕ್ಕದವರಿಗೆಲ್ಲ ಅದನ್ನೇ ಹೇಳಿಕೊಂಡು ಬಂದಳು. ನಾನು ತಲೆತಗ್ಗಿಸಿ ಕೂತಿದ್ದರೂ ಮನಸ್ಸು ಹಗುರವಾಗಿತ್ತು.

ಮದ್ರಾಸಿನ ಕಂಪ್ಯೂಟರ್ ಕೆಲಸಕ್ಕೆ ಹೋದ ತಿಂಗಳು ನಡೆದ ಸಂದರ್ಶನದಲ್ಲಿ ಎಷ್ಟು ಓದಿದ್ದೀಯ ಎಂದಾಗ ಇದ್ದದ್ದನ್ನೇ ಹೇಳಿದೆ. ಹಾಗಾದರೆ ನಿನಗೆ ಏನು ಬರುತ್ತದೆ ಎಂದರು. ಕೇಳಿದ್ದು ಬಿಟ್ಟು ಬೇರೇನೋ ಬಂದಾಗ ಯಂತ್ರ ಹೇಗೆ ನಡೆದುಕೊಳ್ಳಬೇಕೆಂದು ಬರೆಯಲು ಬರುತ್ತದೆ ಎಂದೆ. ಕೆಲಸ ಕೊಟ್ಟರು. ಆ ಉತ್ತರ ನಿಮ್ಮದು. ಅವರಿಗೆ ಅದು ಗೊತ್ತಿಲ್ಲ, ನಿಮಗಾದರೂ ಗೊತ್ತಿರಲಿ. ಎದುರು ನಿಂತು ಇಷ್ಟನ್ನು ಹೇಳುವ ಧೈರ್ಯ ನನಗಿಲ್ಲ, ಅದಕ್ಕೇ ಈ ಕಾಗದ.

ನಿಮಗೆ ಹರಸುವ ವಯಸ್ಸು ನನ್ನದಲ್ಲ. ಅಜ್ಜಿ ಹೇಳಿ ಬರೆಸುತ್ತಿದ್ದಾಳೆ: ‘ಆ ತಾಯಿ ಹೊಟ್ಟೆ ತಣ್ಣಗಿರಲಿ.’

ನಾಳೆ ಬೆಳಗಿನ ರೈಲಿಗೆ ಮದ್ರಾಸಿಗೆ ಹೊರಡುತ್ತೇನೆ.

ಇಂತಿ ನಿಮ್ಮ ಕೈಯಲ್ಲಿ ಕಲಿತ,
ಬೈರಣ್ಣ